ಸ್ವಂತವಾಗಿ ಕಟ್ಟಿದ ಲಿನಕ್ಸ್ ವ್ಯವಸ್ಥೆಯಲ್ಲಿ ಕಡತಗಳ ನೆಲೆಯೂ ಸಾಧನಗಳ ಹೆಸರೂ: ಒಂದು ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಬರಹ ಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ಶಾಲೆಯ ಚರಿತ್ರೆಯನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆ. ಸಂಸ್ಥಾಪಕರ ಗುಣಗಳನ್ನು ಸ್ಮರಿಸಲು ಅವರ ಶಿಷ್ಯರೇ ಇದ್ದಾರೆ. ನಾನು ಪಾಠ ಹೇಳಿ ಅನ್ನ ಉಂಡವನು. ಆದುದರಿಂದ ಇಲ್ಲಿಯೂ ಒಂದು ಪಾಠವನ್ನೇ ಒಪ್ಪಿಸುತ್ತಿದ್ದೇನೆ. ವಿಷಯವು ಮೇಲ್ನೋಟಕ್ಕೆ ಶುಷ್ಕವೆನಿಸಬಹುದು. ಆದರೆ ನಮ್ಮ ಶಾಲೆಯ ವಾಚನಾಲಯದಲ್ಲಿರುವ ಒಂದು ಹಳೆಯ ಗಣಕಯಂತ್ರಕ್ಕೂ, ಅದರೊಳಗೆ ಉಳಿದಿರುವ ನಿಮ್ಮೆಲ್ಲರ ಬಾಲ್ಯದ ಬರಹಗಳಿಗೂ ಇದು ನೇರವಾಗಿ ಸಂಬಂಧಿಸಿದ್ದು.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಲಿನಕ್ಸ್ ಅಪರಿಚಿತವಲ್ಲ. ಕೇರಳ ಸರಕಾರವು 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿತು. ಆ ದಶಕದಲ್ಲಿಯೇ ಶಾಲೆಗಳ ಗಣಕ ಶಿಕ್ಷಣವು ಗ್ನು/ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶದ ಮೇಲೆ ನೆಲೆಗೊಂಡಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಸೇವೆಯ ಕೊನೆಯ ವರ್ಷಗಳಲ್ಲಿ ತರಬೇತಿಗೆ ಕುಳಿತ ಅಧ್ಯಾಪಕರಲ್ಲಿ ನಾನೂ ಒಬ್ಬ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವನಿಗೆ ಇಂಗ್ಲಿಷ್ ಕೈಪಿಡಿಗಳು ಸುಲಭವಾಗಿ ಒಲಿಯುವುದಿಲ್ಲ. ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡೇ ಓದಿದೆ. ನಿವೃತ್ತನಾದ ಮೇಲೆ ಕಾಲಾವಕಾಶ ಹೆಚ್ಚಿತು, ಆ ಓದು ನಿಲ್ಲದೆ ಮುಂದುವರಿಯಿತು.

ಕೈಟ್ ಶಾಲೆಗಳಿಗೆ ಒದಗಿಸುವುದು ಉಬುಂಟುವನ್ನು ಆಧರಿಸಿ ಹೊಂದಿಸಿದ ಸಿದ್ಧ ವ್ಯವಸ್ಥೆ. ಎಲೆಯ ಮುಂದೆ ಕುಳಿತರೆ ಸಾಕು, ಬಡಿಸುವವರು ಬಡಿಸುತ್ತಾರೆ. ಆದರೆ ಉಬುಂಟುವಿನ 2020ರ ಆವೃತ್ತಿಯಿಂದ 32 ಬಿಟ್‌ನ ಹಳೆಯ ಯಂತ್ರಗಳಿಗೆ ಆ ಪಂಕ್ತಿಯಲ್ಲಿ ಎಲೆಯಿಲ್ಲ. ಇಂತಹ ಯಂತ್ರವೊಂದು ನಮ್ಮ ವಾಚನಾಲಯದಲ್ಲಿ ಧೂಳು ಹಿಡಿದು ಕುಳಿತಿತ್ತು. ಶಾಲೆಯ ಕೈಬರಹದ ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ಗೆದ್ದಲು ತಿನ್ನತೊಡಗಿದಾಗ, ಹಳೆ ವಿದ್ಯಾರ್ಥಿಯೊಬ್ಬರು ಪುಟಪುಟವನ್ನೂ ಸ್ಕ್ಯಾನ್ ಮಾಡಿ ಉಳಿಸುವ ಸಂಕಲ್ಪ ಮಾಡಿದರು. ಅದಕ್ಕಾಗಿ ಈ ಯಂತ್ರಕ್ಕೆ ಹಗುರವಾದೊಂದು ಲಿನಕ್ಸ್ ವ್ಯವಸ್ಥೆಯನ್ನು ಅವರೇ ಕಟ್ಟಿದರು. ಒಂದೊಂದು ತಂತ್ರಾಂಶದ ಮೂಲ ಪಠ್ಯವನ್ನೂ ತಂದು, ಸಂಕಲಿಸಿ, ಸರಿಯಾದ ಸ್ಥಾನದಲ್ಲಿ ಇಡುವ ಕೆಲಸವದು. ಇದಕ್ಕೆ ದಾರಿ ತೋರುವ ‘ಲಿನಕ್ಸ್ ಫ್ರಂ ಸ್ಕ್ರ್ಯಾಚ್’ ಎಂಬ ಪುಸ್ತಕವನ್ನು ಗೆರಾರ್ಡ್ ಬೀಕ್‌ಮನ್ಸ್ ಎಂಬವರು 1999ರಲ್ಲಿ ಆರಂಭಿಸಿದರು. ನಾನು ಈ ವಿದ್ಯೆಯನ್ನು ಕಲಿತದ್ದೂ ಅದರಿಂದಲೇ.

ಮುಂದೆ ಹೋಗುವ ಮೊದಲು ಲಿಪಿಯ ಬಗೆಗೆ ಒಂದು ಮಾತು. ಯಂತ್ರದೊಳಗಿನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಅವೆಲ್ಲ ರೋಮನ್ ಲಿಪಿಯಲ್ಲಿರಬೇಕು. ಎಸ್‌ಡಿಎ ಎಂದು ನಾನು ಬರೆದಲ್ಲಿ ಎಸ್, ಡಿ, ಎ ಎಂಬ ಮೂರು ಸಣ್ಣ ಅಕ್ಷರಗಳೆಂದು ತಿಳಿಯತಕ್ಕದ್ದು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಲಿನಕ್ಸ್ ಕಟ್ಟುನಿಟ್ಟಾಗಿ ಎಣಿಸುತ್ತದೆ; ನಮ್ಮ ಹಳೆಯ ವ್ಯಾಕರಣ ಪಂಡಿತರು ಅಲ್ಪಪ್ರಾಣ ಮಹಾಪ್ರಾಣಗಳನ್ನು ಎಣಿಸುತ್ತಿದ್ದ ಹಾಗೆಯೇ.

ಈಗ ವಿಷಯಕ್ಕೆ ಬರೋಣ. ಸ್ವಂತವಾಗಿ ಕಟ್ಟಿದ ವ್ಯವಸ್ಥೆಯು ಕೈಕೊಟ್ಟಾಗ ಅದರೊಳಗಿನ ಯಾವುದೋ ತಂತ್ರಾಂಶ ಕೆಟ್ಟಿದೆ ಎಂದು ಜನ ಭಾವಿಸುತ್ತಾರೆ. ನಾನು ಕಂಡಮಟ್ಟಿಗೆ ತಂತ್ರಾಂಶಗಳು ಬಹುಮಟ್ಟಿಗೆ ನಿರ್ದೋಷಿಗಳು. ಕೆಟ್ಟಿರುವುದು ವಿಳಾಸ. ಒಂದು ವಸ್ತು ಇಂಥ ಸ್ಥಳದಲ್ಲಿ ಇಂಥ ಹೆಸರಿನಿಂದ ಸಿಗುತ್ತದೆ ಎಂದು ಒಬ್ಬ ನಂಬಿರುತ್ತಾನೆ. ಮತ್ತೊಬ್ಬ ಅದನ್ನು ಬೇರೆಡೆಯಲ್ಲಿ, ಬೇರೆ ಹೆಸರಿನಿಂದ ಇಟ್ಟಿರುತ್ತಾನೆ. ಕಡತಗಳ ವಿಚಾರದಲ್ಲಿಯೂ ಹೀಗೆ, ಸಾಧನಗಳ ವಿಚಾರದಲ್ಲಿಯೂ ಹೀಗೆ. ಹೊಂದಾಣಿಕೆ ಎಂಬ ದೊಡ್ಡ ಶಬ್ದದ ಒಳಗಿರುವ ತಿರುಳು ಇಷ್ಟೇ.

ಲಿನಕ್ಸಿನಲ್ಲಿ ಎಲ್ಲ ಕಡತಗಳೂ ಒಂದೇ ಮರದ ಕೊಂಬೆರೆಂಬೆಗಳಲ್ಲಿವೆ. ಬುಡಕ್ಕೆ ಬರೇ ಒಂದು ಓರೆಗೆರೆಯ ಗುರುತು. ಅದರಿಂದ ಕವಲೊಡೆದ ಕೋಶಗಳಲ್ಲಿ /ಬಿನ್‌ನಲ್ಲಿ ಸಾಮಾನ್ಯ ಆದೇಶಗಳು, /ಎಸ್‌ಬಿನ್‌ನಲ್ಲಿ ಆಡಳಿತದ ಆದೇಶಗಳು, /ಲಿಬ್‌ನಲ್ಲಿ ಅವೆಲ್ಲ ಹಂಚಿಕೊಳ್ಳುವ ಗ್ರಂಥಾಲಯ ಕಡತಗಳು, /ಇಟಿಸಿಯಲ್ಲಿ ವ್ಯವಸ್ಥೆಯ ನಿಯಮಗಳು, /ಡೆವ್‌ನಲ್ಲಿ ಸಾಧನಗಳು. /ಯುಎಸ್‌ಆರ್ ಎಂಬ ಕೋಶದೊಳಗೆ ಮತ್ತೆ ಬಿನ್, ಎಸ್‌ಬಿನ್, ಲಿಬ್‌ಗಳ ಇನ್ನೊಂದು ಸಂಸಾರ. ಒಂದೇ ಮನೆಯಲ್ಲಿ ಎರಡು ಅಡುಗೆಮನೆ ಏಕೆ ಎಂದು ಯಾರಿಗಾದರೂ ಅನ್ನಿಸದಿರದು.

ಕಾರಣವು ಶಾಸ್ತ್ರೀಯವಲ್ಲ, ಐತಿಹಾಸಿಕ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಿಂದ ಯುನಿಕ್ಸನ್ನು ರೂಪಿಸುತ್ತಿದ್ದಾಗ ಡಿಸ್ಕುಗಳು ಅತ್ಯಂತ ಚಿಕ್ಕವಾಗಿದ್ದವು. /ಯುಎಸ್‌ಆರ್ ಎಂಬುದು ಬಳಕೆದಾರರ ಸ್ವಂತ ಕಡತಗಳಿಗಾಗಿ ಇನ್ನೊಂದು ಡಿಸ್ಕಿನಲ್ಲಿದ್ದ ಜಾಗ. ಮೊದಲ ಡಿಸ್ಕು ತುಂಬಿದಾಗ, ಹೆಚ್ಚಿನ ಆದೇಶಗಳನ್ನು ಅಲ್ಲಿಯೇ ಬಿನ್ ಎಂಬ ಕೋಶ ತೆರೆದು ಇಟ್ಟರು. ಅಟ್ಟದಲ್ಲಿ ಜಾಗ ಸಾಲದೆ ಅಡಿಕೆಯ ಗೋಣಿಗಳನ್ನು ಚಾವಡಿಯಲ್ಲಿ ಇಟ್ಟಂತೆ. ಮುಂದೆ ಡಿಸ್ಕುಗಳು ದೊಡ್ಡದಾದವು, ಬಳಕೆದಾರರು /ಹೋಮ್‌ಗೆ ಹೋದರು. ಗೋಣಿಗಳು ಮಾತ್ರ ಚಾವಡಿಯಲ್ಲಿಯೇ ಉಳಿದವು. ಯಂತ್ರ ಆರಂಭವಾಗಲು ಬೇಕಾದದ್ದು /ಬಿನ್‌ನಲ್ಲಿ, ಉಳಿದದ್ದು /ಯುಎಸ್‌ಆರ್/ಬಿನ್‌ನಲ್ಲಿ ಎಂಬ ತರ್ಕವನ್ನು ಅನಂತರದವರು ಹೊಂದಿಸಿಕೊಂಡರು.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದ ಮೇಲೆ ಬೇರೆ ಬೇರೆಯವರು ಕಟ್ಟಿದ ವ್ಯವಸ್ಥೆಗಳಲ್ಲಿ ಕಡತಗಳು ಬೇರೆ ಬೇರೆ ಕಡೆ ಕುಳಿತವು. ಈ ಗೊಂದಲವನ್ನು ನಿವಾರಿಸಲು 1994ರಲ್ಲಿ ಒಂದು ಮಾನಕ ಬಂದಿತು. ಅದೇ ಬೆಳೆದು ಕಡತ ಶ್ರೇಣಿಯ ಮಾನಕ ಎಂದಾಯಿತು. ಅದರ 3.0 ಆವೃತ್ತಿ 2015ರದು. ಅಷ್ಟರಲ್ಲಿ ಎರಡು ಅಡುಗೆಮನೆಗಳನ್ನು ಒಂದುಗೂಡಿಸುವ ಯತ್ನವೂ ನಡೆದಿತ್ತು. ಫೆಡೋರಾ 2012ರಲ್ಲಿ ಎಲ್ಲವನ್ನೂ /ಯುಎಸ್‌ಆರ್ ಒಳಗೆ ಸೇರಿಸಿತು. ಡೆಬಿಯನ್ 2023ರಲ್ಲಿ ಬಂದ ತನ್ನ 12ನೆಯ ಆವೃತ್ತಿಯಲ್ಲಿ ಇದನ್ನು ಕಡ್ಡಾಯ ಮಾಡಿತು. ಹಾಗೆಂದು ಹಳೆಯ ವಿಳಾಸಗಳನ್ನು ಅಳಿಸಲಿಲ್ಲ. /ಬಿನ್ ಎಂಬುದು ಈಗ /ಯುಎಸ್‌ಆರ್/ಬಿನ್‌ಗೆ ದಾರಿ ತೋರುವ ಕೊಂಡಿ. ಪಂಚಾಯತು ಹೊಸ ನಂಬರು ಕೊಟ್ಟರೂ ಹಳೆಯ ಮನೆಹೆಸರಿಗೆ ಬರೆದ ಕಾಗದವನ್ನು ಅಂಚೆಯವನು ಸರಿಯಾದ ಜಗಲಿಗೇ ಮುಟ್ಟಿಸುವುದಿಲ್ಲವೇ? ಇದೂ ಅಂತಹ ಏರ್ಪಾಡು.

ಆ ಕೊಂಡಿಯನ್ನು ಇಡಲೇಬೇಕಾದ ಕಾರಣವನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಸ್ವಂತ ಕಟ್ಟುವವರು ಎಡವುವುದು ಇಲ್ಲಿಯೇ. ವಿಳಾಸಗಳು ತಂತ್ರಾಂಶಗಳ ಹೊಟ್ಟೆಯಲ್ಲಿಯೇ ಅಚ್ಚಾಗಿರುತ್ತವೆ. ಆದೇಶಗಳ ಸರಣಿಯನ್ನು ಬರೆದಿಟ್ಟ ಲಿಪಿಕಡತದ ಮೊದಲ ಸಾಲಿನಲ್ಲಿ ಅದನ್ನು ಓದತಕ್ಕ ತಂತ್ರಾಂಶದ ಪೂರ್ಣ ವಿಳಾಸ, ಸಾಮಾನ್ಯವಾಗಿ /ಬಿನ್/ಎಸ್‌ಎಚ್ ಎಂದು, ಬರೆದಿರುತ್ತದೆ. ಅದಕ್ಕಿಂತ ಗೂಢವಾದುದು ಇನ್ನೊಂದು. ಸಂಕಲಿಸಿದ ಬಹುತೇಕ ತಂತ್ರಾಂಶಗಳಲ್ಲಿ, ತನಗೆ ಬೇಕಾದ ಗ್ರಂಥಾಲಯ ಕಡತಗಳನ್ನು ಕಲೆಹಾಕಿ ಕೊಡುವ ಜೋಡಕದ ವಿಳಾಸವು ಅಡಗಿರುತ್ತದೆ. 32 ಬಿಟ್ ಇಂಟೆಲ್ ಯಂತ್ರಗಳಲ್ಲಿ ಅದು /ಲಿಬ್ ಕೋಶದಲ್ಲಿದೆ. 64 ಬಿಟ್ ಯಂತ್ರಗಳಲ್ಲಿ /ಲಿಬ್64 ಕೋಶದಲ್ಲಿ. ಈ ಜೋಡಕವು ಆ ಸ್ಥಾನದಲ್ಲಿ ಇಲ್ಲದಿದ್ದರೆ ತಂತ್ರಾಂಶವು ಓಡುವುದಿಲ್ಲ. ಆಗ ಪರದೆಯ ಮೇಲೆ ಬರುವ ಸೂಚನೆ ‘ಅಂತಹ ಕಡತವಿಲ್ಲ’ ಎಂಬರ್ಥದ್ದು. ಕಡತವಾದರೋ ಕಣ್ಣೆದುರಿಗೇ ಇದೆ! ಇಲ್ಲದಿರುವುದು ನಾವು ಕರೆದ ಕಡತವಲ್ಲ, ಅದು ಕರೆದ ಕಡತ. ಈ ಸೂಚನೆಯನ್ನು ನಂಬಿ ಸರಿಯಾಗಿದ್ದ ತಂತ್ರಾಂಶವನ್ನೇ ಎರಡೆರಡು ಸಲ ಸಂಕಲಿಸಿದವರಿದ್ದಾರೆ.

ಕೊಂಡಿ ಇಟ್ಟ ಮೇಲೂ ಅಪಾಯ ತಪ್ಪಿತೆಂದು ತಿಳಿಯಬಾರದು. ಕಡತಗಳನ್ನು ಕಟ್ಟುಕಟ್ಟಿ ಸಾಗಿಸಲು ಟಾರ್ ಎಂಬ ತಂತ್ರಾಂಶವಿದೆ. ಹಳೆಯ ಕಟ್ಟೊಂದರಲ್ಲಿ ಲಿಬ್ ಎಂಬ ನಿಜವಾದ ಕೋಶವಿದ್ದು, ಅದನ್ನು ಬುಡದಲ್ಲಿ ಬಿಚ್ಚಿದೆವೆನ್ನಿ. ಗ್ನು ಟಾರ್ ತನ್ನ ಸಹಜ ಕ್ರಮದಂತೆ ಅಲ್ಲಿದ್ದ /ಲಿಬ್ ಕೊಂಡಿಯನ್ನು ತೆಗೆದುಹಾಕಿ, ಅದೇ ಹೆಸರಿನ ಹೊಸ ಕೋಶವನ್ನು ಮಾಡುತ್ತದೆ. ಮರುಕ್ಷಣದಿಂದ ಜೋಡಕವು ಯಾರಿಗೂ ಸಿಗುವುದಿಲ್ಲ. ಕಡತಗಳ ಪಟ್ಟಿ ತೋರಿಸುವ ಆದೇಶವಿಲ್ಲ, ಕೊಂಡಿಯನ್ನು ಮತ್ತೆ ಹಾಕುವ ಆದೇಶವೂ ಇಲ್ಲ. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಹಗ್ಗವೂ ಬಾವಿಯಲ್ಲಿಯೇ ಬಿದ್ದಂತೆ. ಬೇರೆ ಡಿಸ್ಕಿನಿಂದ ಯಂತ್ರವನ್ನು ಆರಂಭಿಸಿ ಸರಿಪಡಿಸುವುದು ಖಚಿತವಾದ ದಾರಿ. ಕೋಶದ ಕೊಂಡಿಗಳನ್ನು ಉಳಿಸಿಕೋ ಎಂದು ಟಾರ್‌ಗೆ ಹೇಳುವ ಆಯ್ಕೆಯೊಂದಿದೆ, ಅದನ್ನು ಮರೆಯಲಾಗದು.

ಈ ಪರಂಪರೆಯೇ ಬೇಡವೆಂದು ಹೊರಟವರೂ ಇದ್ದಾರೆ. ಬ್ರೆಜಿಲಿನಲ್ಲಿ ಹುಟ್ಟಿದ ಗೋಬೋಲಿನಕ್ಸ್ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಪ್ರತ್ಯೇಕ ಕೋಶ ಕೊಟ್ಟಿತು. ನಿಕ್ಸ್‌ಓಎಸ್ ಎಲ್ಲವನ್ನೂ ತನ್ನದೇ ಉಗ್ರಾಣದಲ್ಲಿ ಇರಿಸುತ್ತದೆ. ಆದರೂ ಗೋಬೋ ಹಳೆಯ ಹೆಸರುಗಳನ್ನೆಲ್ಲ ಕೊಂಡಿಗಳಾಗಿ ಇಟ್ಟುಕೊಂಡು, ಅವು ಕಣ್ಣಿಗೆ ಬೀಳದಂತೆ ಮರೆಮಾಡಿತು. ನಿಕ್ಸ್ ಕೂಡ /ಬಿನ್/ಎಸ್‌ಎಚ್ ಎಂಬ ಹೆಸರನ್ನು ಬಿಡಲಾರದೆ ಉಳಿಸಿಕೊಂಡಿದೆ.

ಇನ್ನು ಸಾಧನಗಳ ಮಾತು. ಡಿಸ್ಕು, ಮುದ್ರಕ, ಕೀಲಿಮಣೆ ಮುಂತಾದವುಗಳನ್ನೂ ಕಡತಗಳಂತೆಯೇ ಕಾಣುವುದು ಯುನಿಕ್ಸಿನ ಆದಿಕಾಲದಿಂದ ಬಂದ ಸೊಗಸಾದ ಕಲ್ಪನೆ. /ಡೆವ್ ಕೋಶದಲ್ಲಿರುವ ಎಸ್‌ಡಿಎ ಎಂಬುದು ಮೊದಲ ಡಿಸ್ಕಿನ ಬಾಗಿಲು. ಈ ಹೆಸರು ಮನುಷ್ಯರ ಅನುಕೂಲಕ್ಕೆ. ಕರ್ನೆಲ್, ಅಂದರೆ ವ್ಯವಸ್ಥೆಯ ಗರ್ಭಭಾಗವು, ಗುರುತಿಸುವುದು ಎರಡು ಅಂಕೆಗಳನ್ನು. ಮೊದಲನೆಯದು ಯಾವ ಬಗೆಯ ಚಾಲಕ ಎಂಬುದನ್ನೂ, ಎರಡನೆಯದು ಆ ಬಗೆಯಲ್ಲಿ ಎಷ್ಟನೆಯದು ಎಂಬುದನ್ನೂ ಹೇಳುತ್ತದೆ. ಎಸ್‌ಡಿಎಗೆ 8, 0. ಅದರ ಮೊದಲ ವಿಭಾಗವಾದ ಎಸ್‌ಡಿಎ1ಕ್ಕೆ 8, 1. ಒಂದು ಡಿಸ್ಕಿಗೆ ಹದಿನಾರು ಅಂಕೆಗಳ ಮೀಸಲಾದುದರಿಂದ ಎರಡನೆಯ ಡಿಸ್ಕಾದ ಎಸ್‌ಡಿಬಿಗೆ 8, 16.

ಮೊದಲು ಈ ಬಾಗಿಲುಗಳನ್ನೆಲ್ಲ ಮೊದಲೇ ಕೊರೆದಿಡುತ್ತಿದ್ದರು. ಯಂತ್ರಕ್ಕೆ ಒಂದೇ ಡಿಸ್ಕಿದ್ದರೂ /ಡೆವ್‌ನಲ್ಲಿ ಸಾವಿರಾರು ಹೆಸರುಗಳು. ಯಾವುದರ ಹಿಂದೆ ಸಾಧನವಿದೆ, ಯಾವುದರ ಹಿಂದೆ ಬರೇ ಗೋಡೆಯಿದೆ ಎಂದು ತಿಳಿಯುವಂತಿರಲಿಲ್ಲ. ಇದಕ್ಕೆ ಪರಿಹಾರವಾಗಿ ರಿಚರ್ಡ್ ಗೂಚ್ ರಚಿಸಿದ ಡೆವ್‌ಎಫ್‌ಎಸ್ 2001ರ 2.4 ಕರ್ನೆಲಿನೊಂದಿಗೆ ಬಳಕೆಗೆ ಬಂದಿತು. ಇರುವ ಸಾಧನಗಳಿಗೆ ಮಾತ್ರ ಕರ್ನೆಲೇ ಹೆಸರಿಡುವ ಕ್ರಮವದು. ಆದರೆ ಅದು ಹೆಸರುಗಳನ್ನೇ ಬದಲಿಸಿ, ಕೋಶದೊಳಗೆ ಕೋಶವಿಟ್ಟು ಮಾರುದ್ದ ಮಾಡಿತು. ಹಳೆಯ ಹೆಸರು ನಂಬಿದ ತಂತ್ರಾಂಶಗಳಿಗಾಗಿ ಇನ್ನೊಂದು ಸೇವಕ ತಂತ್ರಾಂಶವನ್ನು ಓಡಿಸಬೇಕಾಯಿತು. ಹಳೆಯ ವಿಳಾಸಗಳಿಗೆ ಮರ್ಯಾದೆ ಕೊಡದ ಸುಧಾರಣೆಯು ಬಾಳಲಿಲ್ಲ. 2006ರಲ್ಲಿ ಅದನ್ನು ಕರ್ನೆಲಿನಿಂದ ಕಿತ್ತುಹಾಕಿದರು. ಗ್ರೆಗ್ ಕ್ರೋ-ಹಾರ್ಟ್‌ಮನ್ 2003ರಲ್ಲಿ ತಂದ ಯೂಡೆವ್ ಅದರ ಸ್ಥಾನಕ್ಕೆ ಬಂದಿತು. ಸಾಧನ ಬಂದ ವಾರ್ತೆಯನ್ನು ಕರ್ನೆಲ್ ಸಾರುತ್ತದೆ. ಅದಕ್ಕೆ ಯಾವ ಹೆಸರು, ಯಾರಿಗೆ ಪ್ರವೇಶ ಎಂಬುದನ್ನು ಹೊರಗಿನ ಯೂಡೆವ್ ತನ್ನ ನಿಯಮಗಳನ್ನು ನೋಡಿ ನಿರ್ಣಯಿಸುತ್ತದೆ. 2009ರ ಕೊನೆಯಲ್ಲಿ 2.6.32 ಕರ್ನೆಲಿನೊಂದಿಗೆ ಡೆವ್‌ಟಿಎಂಪಿಎಫ್‌ಎಸ್ ಬಂದ ಮೇಲೆ ಮೂಲ ಹೆಸರಿನ ಬಾಗಿಲನ್ನು ಕರ್ನೆಲೇ ಮತ್ತೆ ಮಾಡತೊಡಗಿತು. ಕೊಂಡಿಗಳೂ ಅನುಮತಿಗಳೂ ಯೂಡೆವ್‌ನ ಪಾಲಿಗೆ ಉಳಿದವು. ಇದು ಸಮಂಜಸವಾದ ಪಾಲುಪಟ್ಟಿ.

2012ರಲ್ಲಿ ಯೂಡೆವ್ ಸಿಸ್ಟಮ್‌ಡಿ ಎಂಬ ಬೃಹತ್ ತಂತ್ರಾಂಶದ ಕುಟುಂಬಕ್ಕೆ ಸೇರಿತು. ಸಿಸ್ಟಮ್‌ಡಿ ಬೇಡವೆಂದ ಜೆಂಟೂ ಬಳಗದ ಕೆಲವರು ಅದೇ ವರ್ಷದ ಕೊನೆಯಲ್ಲಿ ಮೂಲ ಪಠ್ಯವನ್ನು ಬೇರ್ಪಡಿಸಿ ಇಯೂಡೆವ್ ಎಂಬುದನ್ನು ನಡೆಸಿದರು. ಅತಿ ಚಿಕ್ಕ ವ್ಯವಸ್ಥೆಗಳಿಗೆ ಬಿಜಿಬಾಕ್ಸ್‌ನಲ್ಲಿರುವ ಎಮ್‌ಡೆವ್ ಇದೆ. ಮೂರರಲ್ಲಿ ಯಾವುದನ್ನು ಹಾಕಿದರೂ ಡಿಸ್ಕು ಕಾಣುತ್ತದೆ. ಆದುದರಿಂದ ಹೊಸಬರು ಅತ್ಯಂತ ಚಿಕ್ಕದನ್ನು ಆರಿಸುತ್ತಾರೆ. ಅನಂತರ ಚಿತ್ರಮಯ ಪರದೆಯನ್ನು ಏರಿಸಿದಾಗ ಮೌಸ್ ಅಲುಗಾಡುವುದಿಲ್ಲ! ಕಾರಣವಿಷ್ಟೆ: ಪರದೆಯ ತಂತ್ರಾಂಶವು ಕೀಲಿಮಣೆ, ಮೌಸ್‌ಗಳ ವಾರ್ತೆಯನ್ನು ಯೂಡೆವ್‌ನ ಗ್ರಂಥಾಲಯದ ಮೂಲಕ ಕೇಳುತ್ತದೆ, ಎಮ್‌ಡೆವ್‌ಗೆ ಆ ಭಾಷೆ ಬಾರದು. ಚಿತ್ರಮಯ ಪರದೆ ಬೇಕಿದ್ದರೆ ಯೂಡೆವ್ ಅಥವಾ ಇಯೂಡೆವ್ ಇರಲಿ ಎಂಬುದು ನನ್ನ ಮತ. ಒಂದೆರಡು ಮೆಗಾಬೈಟು ಉಳಿಸಿ ನಾಲ್ಕು ರಾತ್ರಿ ಕಳೆಯುವುದು ಜಾಣತನವಲ್ಲ.

ಕಡತಗಳ ನೆಲೆಯೂ ಸಾಧನಗಳ ಹೆಸರೂ ಒಂದನ್ನೊಂದು ಸಂಧಿಸುವ ಜಾಗವೊಂದಿದೆ. ಸ್ವಂತ ಕಟ್ಟುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಯೂಡೆವ್‌ನ ನಿಯಮಗಳು ಎಲ್ಲಿವೆ? ಆಡಳಿತಗಾರ ಬರೆದವು /ಇಟಿಸಿ/ಯೂಡೆವ್‌ನಲ್ಲಿ. ತಂತ್ರಾಂಶಗಳೊಂದಿಗೆ ಬಂದವು ಹಳೆಯ ಕ್ರಮದಲ್ಲಿ /ಲಿಬ್/ಯೂಡೆವ್‌ನಲ್ಲಿ, ಹೊಸ ಕ್ರಮದಲ್ಲಿ /ಯುಎಸ್‌ಆರ್/ಲಿಬ್/ಯೂಡೆವ್‌ನಲ್ಲಿ. ಎರಡು ಲಿಬ್‌ಗಳು ಒಂದಾಗಿದ್ದರೆ ಚಿಂತೆಯಿಲ್ಲ. ಬೇರೆಯಾಗಿಯೇ ಉಳಿಸಿಕೊಂಡ ವ್ಯವಸ್ಥೆಯಲ್ಲಿ ಮುದ್ರಕದ ನಿಯಮವನ್ನು ಒಂದು ಕಡೆ ಇಟ್ಟು, ಯೂಡೆವ್ ಇನ್ನೊಂದು ಕಡೆ ಹುಡುಕಿದರೆ ಆ ನಿಯಮ ಇದ್ದೂ ಇಲ್ಲದಂತೆ. ದೋಷಸೂಚನೆ ಯಾವುದೂ ಬರುವುದಿಲ್ಲ. ಮುದ್ರಕ ಮಾತ್ರ ಕೆಲಸ ಮಾಡುವುದಿಲ್ಲ. ನಿಯಮದಲ್ಲಿ ಹೇಳಿದ ಬಳಕೆದಾರರ ಗುಂಪು /ಇಟಿಸಿ/ಗ್ರೂಪ್ ಕಡತದಲ್ಲಿ ಇಲ್ಲದಿದ್ದರೂ ಅನುಮತಿಯು ಉದ್ದೇಶಿಸಿದವರಿಗೆ ದಕ್ಕುವುದಿಲ್ಲ. 2023ರ ಡಿಸೆಂಬರಿನಲ್ಲಿ ಬಂದ ಸಿಸ್ಟಮ್‌ಡಿಯ 255ನೆಯ ಆವೃತ್ತಿಯು ಬೇರ್ಪಟ್ಟ /ಯುಎಸ್‌ಆರ್ ವಿನ್ಯಾಸಕ್ಕೆ ಬೆಂಬಲವನ್ನೇ ನಿಲ್ಲಿಸಿತು. ಆದುದರಿಂದ ಇಂದು ಹೊಸದಾಗಿ ಕಟ್ಟುವವರು ಮೊದಲ ದಿನವೇ ಒಂದುಗೂಡಿಸಿದ ವಿನ್ಯಾಸವನ್ನು ಹಿಡಿಯುವುದು ಕ್ಷೇಮ.

ಈಗ ವಾಚನಾಲಯದ ಯಂತ್ರಕ್ಕೆ ಬರೋಣ. ನಿಧಾನದ ಯಂತ್ರದಲ್ಲಿ ಸಂಕಲಿಸಿದರೆ ದಿನಗಟ್ಟಲೆ ಹಿಡಿಯುತ್ತದೆಂದು, ನಮ್ಮ ಹಳೆ ವಿದ್ಯಾರ್ಥಿಯು ಡಿಸ್ಕನ್ನು ತಮ್ಮ ಮನೆಯ ವೇಗದ ಯಂತ್ರಕ್ಕೆ ಜೋಡಿಸಿ ಅಲ್ಲಿಯೇ ವ್ಯವಸ್ಥೆಯನ್ನು ಕಟ್ಟಿದರು. ಅಲ್ಲಿ ಅದು ಎರಡನೆಯ ಡಿಸ್ಕು, ಎಸ್‌ಡಿಬಿ. ತಂದು ಶಾಲೆಯ ಯಂತ್ರದಲ್ಲಿ ಕೂರಿಸಿದಾಗ ಅಲ್ಲಿ ಅದೇ ಏಕೈಕ ಡಿಸ್ಕು. ಆರಂಭದ ಸಾಲಿನಲ್ಲಿ ಮಾತ್ರ ಮೂಲ ವಿಭಾಗವು ಎಸ್‌ಡಿಬಿ1 ಎಂದೇ ಬರೆದಿತ್ತು. ಕರ್ನೆಲ್ ಅದನ್ನು ಹುಡುಕಿ, ಕಾಣದೆ, ‘ಅಜ್ಞಾತ ಸಾಧನ 0,0’ ಎಂಬರ್ಥದ ಸೂಚನೆ ತೋರಿ ಸ್ತಬ್ಧವಾಯಿತು. ಈ ಅಂಕೆಗಳನ್ನು ಓದಲು ಕಲಿತರೆ ಅರ್ಧ ರೋಗನಿದಾನ ಆದಂತೆಯೇ. 0,0 ಎಂದರೆ ಆ ಹೆಸರಿನ ಸಾಧನವೇ ಕರ್ನೆಲಿಗೆ ಸಿಕ್ಕಿಲ್ಲ. 8,1 ಎಂದಿದ್ದರೆ ಡಿಸ್ಕು ಸಿಕ್ಕಿದೆ. ಅದರೊಳಗಿನ ಕಡತ ವ್ಯವಸ್ಥೆಯನ್ನು ಓದುವ ಸಾಮರ್ಥ್ಯ ಕರ್ನೆಲಿನಲ್ಲಿಲ್ಲ, ಅಥವಾ ವಿಭಾಗ ತಪ್ಪಾಗಿದೆ. ಸೂಚನೆಯ ಮೇಲ್ಗಡೆ ಕರ್ನೆಲ್ ತಾನು ಕಂಡ ವಿಭಾಗಗಳ ಪಟ್ಟಿಯನ್ನೂ ಕೊಡುತ್ತದೆ. ಪಟ್ಟಿ ಬರಿದಾಗಿದ್ದರೆ ಡಿಸ್ಕಿನ ಚಾಲಕವೇ ಕರ್ನೆಲಿನಲ್ಲಿ ಸೇರಿಲ್ಲವೆಂದು ತಿಳಿಯಬೇಕು. ನಮ್ಮಲ್ಲಿ ಪಟ್ಟಿಯಲ್ಲಿ ಎಸ್‌ಡಿಎ1 ಇತ್ತು.

ನಾನು ಮುಖ್ಯೋಪಾಧ್ಯಾಯನಾಗಿ ಎರಡು ಬಗೆಯ ಸಂಖ್ಯೆಗಳನ್ನು ಬಳಸಿದವನು. ತರಗತಿಯ ಹಾಜರಿಯಲ್ಲಿರುವ ಕ್ರಮಸಂಖ್ಯೆ ವರ್ಷವರ್ಷವೂ ಬದಲಾಗುತ್ತದೆ. ಐದನೆಯ ತರಗತಿಯಲ್ಲಿ 7 ಆಗಿದ್ದವನು ಆರರಲ್ಲಿ 12. ದಾಖಲಾತಿ ಪುಸ್ತಕದ ಸಂಖ್ಯೆ ಮಾತ್ರ ಹುಡುಗನು ವರ್ಗಾವಣೆ ಪತ್ರ ಪಡೆದು ಹೋದ ಮೇಲೂ ಅವನದೇ. ಎಸ್‌ಡಿಎ, ಎಸ್‌ಡಿಬಿ ಎಂಬವು ಹಾಜರಿಯ ಸಂಖ್ಯೆಗಳು. ಕರ್ನೆಲಿಗೆ ಮೊದಲು ಕಂಡದ್ದು ಎ, ಅನಂತರದ್ದು ಬಿ. ಕಡತ ವ್ಯವಸ್ಥೆಯನ್ನು ರಚಿಸುವಾಗಲೇ ಅದರೊಳಗೆ ಬರೆಯಲ್ಪಡುವ ಯುಯುಐಡಿ ಎಂಬ ಉದ್ದ ಗುರುತು ದಾಖಲಾತಿ ಸಂಖ್ಯೆ. ವಿಭಾಗಗಳನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಇದನ್ನೇ ಬರೆಯಬೇಕು. ಆದರೆ ಆರಂಭದ ಸಾಲಿನಲ್ಲಿ ಯುಯುಐಡಿಯನ್ನು ಬರೆದರೆ ಕರ್ನೆಲ್ ತಾನಾಗಿ ಅದನ್ನು ಅರ್ಥೈಸಲಾರದು. ಇನಿಟ್‌ರಾಮ್‌ಎಫ್‌ಎಸ್ ಎಂಬ ಚಿಕ್ಕ ಪೂರ್ವವ್ಯವಸ್ಥೆಯ ನೆರವು ಬೇಕು. ಅದಿಲ್ಲದ ಸರಳ ವ್ಯವಸ್ಥೆಯಲ್ಲಿ, ವಿಭಾಗ ಪಟ್ಟಿಯಲ್ಲಿಯೇ ಇರುವ ಪಾರ್ಟ್‌ಯುಯುಐಡಿ ಎಂಬ ಗುರುತನ್ನು ಬರೆಯಬೇಕು. ಅದನ್ನು ಕರ್ನೆಲ್ ನೇರವಾಗಿ ಓದಬಲ್ಲುದು.

ಇದನ್ನು ನಾನು ಹೇಳಿದಾಗ ನಮ್ಮ ಹಳೆ ವಿದ್ಯಾರ್ಥಿಯು ನಕ್ಕು, ‘ಒಂದೇ ಡಿಸ್ಕು ತಾನೆ ಸಾರ್, ಎಸ್‌ಡಿಎ1 ಎಂದು ತಿದ್ದಿದರೆ ಸಾಕು’ ಎಂದು ಹಾಗೆಯೇ ತಿದ್ದಿದರು. ಯಂತ್ರವು ಓಡಿತು, ತಿಂಗಳುಗಟ್ಟಲೆ ಸರಿಯಾಗಿಯೇ ಓಡಿತು. ಮುಂದೆ ಸ್ಕ್ಯಾನ್ ಮಾಡಿದ ಪುಟಗಳ ಪ್ರತಿಯನ್ನು ಇಡಲು ಎರಡನೆಯ ಡಿಸ್ಕನ್ನೂ, ಅದಕ್ಕೆ ಬೇಕಾದ ನಿಯಂತ್ರಕ ಕಾರ್ಡನ್ನೂ ಹಾಕಿದರು. ಡಿಡಿ ಎಂಬ ಆದೇಶದಿಂದ ಎಸ್‌ಡಿಎಯನ್ನು ಇಡಿಯಾಗಿ ಎಸ್‌ಡಿಬಿಗೆ ಅಕ್ಷರಶಃ ಪ್ರತಿ ಮಾಡುವುದು, ತಿಂಗಳಿಗೊಮ್ಮೆ. ಕಾರ್ಡಿನ ಚಾಲಕವು ಆಗ ಬಿಡಿ ಘಟಕವಾಗಿತ್ತು. ಯೂಡೆವ್ ಅದನ್ನು ತಡವಾಗಿ ಸೇರಿಸುತ್ತಿದ್ದುದರಿಂದ ಆ ಡಿಸ್ಕು ಯಾವಾಗಲೂ ಎರಡನೆಯದೇ. ಒಮ್ಮೆ ಕರ್ನೆಲನ್ನು ಮತ್ತೆ ಸಂಕಲಿಸುವಾಗ ಅವರು ಆ ಚಾಲಕವನ್ನೂ ಒಳಗೇ ಸೇರಿಸಿಬಿಟ್ಟರು. ಅಂದಿನಿಂದ ಕಾರ್ಡಿನ ಡಿಸ್ಕು ಮೊದಲು ಕಂಡು ಎಸ್‌ಡಿಎ ಆಯಿತು. ಅದು ಅಕ್ಷರಶಃ ಪ್ರತಿಯಾದ್ದರಿಂದ ಅದರಲ್ಲಿಯೂ ಪೂರ್ಣ ವ್ಯವಸ್ಥೆ ಇತ್ತಷ್ಟೆ. ಯಂತ್ರವು ಯಾವ ದೋಷಸೂಚನೆಯೂ ಇಲ್ಲದೆ ಹಳೆಯ ಪ್ರತಿಯಿಂದಲೇ ಆರಂಭವಾಯಿತು.

ಅಂದು ಪ್ರತಿ ಮಾಡುವ ದಿನ. ಆದೇಶವನ್ನು ಓಡಿಸಿದ್ದರೆ ಕಳೆದ ತಿಂಗಳ ಪ್ರತಿಯು ಈ ತಿಂಗಳ ಮೂಲದ ಮೇಲೆ ಕುಳಿತು, ಆ ತಿಂಗಳು ಸ್ಕ್ಯಾನ್ ಮಾಡಿದ ಪುಟಗಳೆಲ್ಲ ಅಳಿದುಹೋಗುತ್ತಿದ್ದವು. ಅವುಗಳ ಮೂಲ ಕಾಗದಗಳೋ, ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದುದರಿಂದ ಕೆಲವನ್ನು ಎರಡನೆಯ ಸಲ ಬಿಡಿಸಿ ಹರಡಲು ಸಾಧ್ಯವೇ ಇರಲಿಲ್ಲ. ಹಿಂದಿನ ವಾರ ತಾವೇ ಸೇರಿಸಿದ ಸಂಚಿಕೆಯೊಂದು ಪಟ್ಟಿಯಲ್ಲಿ ಕಾಣದ್ದರಿಂದ ಅವರ ಕೈ ತಡೆಯಿತು. ಡಿಸ್ಕುಗಳ ತಯಾರಿಕಾ ಸಂಖ್ಯೆಗಳನ್ನು ನೋಡಿದಾಗ ಸಂಗತಿ ತಿಳಿಯಿತು. /ಡೆವ್/ಡಿಸ್ಕ್ ಕೋಶದೊಳಗೆ ಯೂಡೆವ್ ಈ ತಯಾರಿಕಾ ಸಂಖ್ಯೆಗಳ ಹೆಸರಿನಲ್ಲಿಯೂ ಕೊಂಡಿಗಳನ್ನು ಇಟ್ಟಿರುತ್ತದೆ. ಇಡೀ ಡಿಸ್ಕನ್ನು ಕುರಿತ ಆದೇಶಗಳಲ್ಲಿ ಆ ಹೆಸರುಗಳನ್ನೇ ಬಳಸತಕ್ಕದ್ದು.

ಸೂಕ್ಷ್ಮ ಓದುಗರಿಗೆ ಇಲ್ಲೊಂದು ಸಂದೇಹ ಬಂದಿರಬೇಕು. ಮೊದಲೇ ಯುಯುಐಡಿ ಬರೆದಿದ್ದರೆ ಈ ಪ್ರಮಾದ ತಪ್ಪುತ್ತಿತ್ತೇ? ಇಲ್ಲ. ಡಿಡಿ ಮಾಡುವ ಪ್ರತಿಯು ಗುರುತನ್ನೂ ಪ್ರತಿ ಮಾಡುತ್ತದೆ. ಯುಯುಐಡಿಯೂ ಅದೇ, ವಿಭಾಗ ಪಟ್ಟಿಯ ಗುರುತೂ ಅದೇ. ಇಬ್ಬರು ಮಕ್ಕಳಿಗೆ ಒಂದೇ ದಾಖಲಾತಿ ಸಂಖ್ಯೆ ಕೊಟ್ಟಂತೆ. ಯಾವನು ಮೊದಲು ‘ಹಾಜರ್’ ಎಂದನೋ ಅವನೇ ಲೆಕ್ಕಕ್ಕೆ. ಆದುದರಿಂದ ಪ್ರತಿಯ ಡಿಸ್ಕಿನಲ್ಲಿ ಪ್ರತ್ಯೇಕವಾಗಿ ಕಡತ ವ್ಯವಸ್ಥೆಯನ್ನು ರಚಿಸಿ, ಒಳಗಿನ ಕಡತಗಳನ್ನು ಮಾತ್ರ ಆರ್‌ಸಿಂಕ್‌ನಂತಹ ತಂತ್ರಾಂಶದಿಂದ ಪ್ರತಿ ಮಾಡುವುದು ಮೇಲು. ವಾಚನಾಲಯದಲ್ಲಿ ಈಗ ನಡೆಯುತ್ತಿರುವುದು ಹಾಗೆಯೇ. ಡಿಡಿಯಿಂದಲೇ ಮಾಡಬೇಕಾದ ಸಂದರ್ಭ ಬಂದರೆ, ಪ್ರತಿಯ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ, ಎಕ್ಸ್ಟ್ ಜಾತಿಯ ಕಡತ ವ್ಯವಸ್ಥೆಯಾದರೆ ಟ್ಯೂನ್2ಎಫ್‌ಎಸ್ ಆದೇಶದಿಂದ ಹೊಸ ಯುಯುಐಡಿಯನ್ನೂ, ಎಫ್‌ಡಿಸ್ಕ್‌ನಿಂದ ವಿಭಾಗ ಪಟ್ಟಿಗೆ ಹೊಸ ಗುರುತನ್ನೂ ಕೊಡಬೇಕು. ಅನಂತರ ಆ ಪ್ರತಿಯೊಳಗಿನ ಎಫ್‌ಎಸ್‌ಟ್ಯಾಬ್ ಕಡತವನ್ನೂ ಆರಂಭದ ಸಾಲನ್ನೂ ತೆರೆದು, ಅಲ್ಲಿ ಉಳಿದಿರುವ ಮೂಲ ಡಿಸ್ಕಿನ ಗುರುತುಗಳನ್ನು ತಿದ್ದಿ, ಆಮೇಲಷ್ಟೇ ಎರಡು ಡಿಸ್ಕುಗಳನ್ನು ಒಂದೇ ಯಂತ್ರದಲ್ಲಿ ಕೂರಿಸಬೇಕು.